ಆಯುಧ ಪೂಜೆಯ ದಿನ ‘ಟಿಕ್’ ಅಂದ ಬ್ಯಾಟರಿ

ಆಯುಧ ಪೂಜೆಯ ಬೆಳಿಗ್ಗೆ ನಮ್ಮ ಪುಟ್ಟ ವಿಮಾನದ ಪ್ರೊಪೆಲ್ಲರ್‌ಗೆ ಚೆಂಡುಹೂವಿನ ಹಾರ ಹಾಕಿ, ಮೂರೂ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದೆವು. ಆಮೇಲೆ ಹಾರ ತೆಗೆದು, ಎಲ್ಲರನ್ನೂ ದೂರ ನಿಲ್ಲಿಸಿ, ನಾನು ಒಳಗೆ ಕೂತು ಕೀಲಿ ತಿರುಗಿಸಿದೆ. ‘ಟಿಕ್’ ಅಂತ ಒಂದು ಸದ್ದು ಬಂತು. ಅಷ್ಟೇ. ವೋಲ್ಟ್‌ಮೀಟರ್ 11.4 ತೋರಿಸುತ್ತಿತ್ತು, ಬ್ಯಾಟರಿ ಸೋತಿತ್ತು. ಸಂಜೆಯವರೆಗೂ ನಿಂಬೆಹಣ್ಣು ಮೂರೂ ಇಟ್ಟಲ್ಲೇ ಇದ್ದವು.

ನಮ್ಮದು ಎರಡು ಸೀಟಿನ, ಮೈಕ್ರೋಲೈಟ್ ಅನ್ನುವ ಹಗುರ ವಿಮಾನ, ಎಂಜಿನ್ ರೋಟ್ಯಾಕ್ಸ್ 912. ನಾನು ಮತ್ತು ಕಾಕಾ ಅದಕ್ಕೆ ಪಾಲುದಾರರು. ಸ್ವಂತ ಕಾಕಾ ಅಲ್ಲ. ಧಾರವಾಡದವರು, ಪುಣೆ ಪಕ್ಕದ ಚಿಂಚವಡದ ಒಂದು ಕಾರ್ಖಾನೆಯಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡಿ ನಿವೃತ್ತರಾದವರು. ನಿಗಡಿಯಲ್ಲಿ ನಮ್ಮ ಪಕ್ಕದ ಬಿಲ್ಡಿಂಗ್. ವಿಮಾನ ಇರುವುದು ಬಾರಾಮತಿ ಕಡೆ, ಪುಣೆಯಿಂದ ಸುಮಾರು ನೂರು ಕಿಲೋಮೀಟರ್. ಪುಣೆಯ ಲೋಹಗಾಂವ್ ವಾಯುಪಡೆಯ ನೆಲೆ, ಅಲ್ಲಿ ನಮ್ಮಂಥವರಿಗೆಲ್ಲಿ ಜಾಗ?

ಕಾಕಾ ಮೀಟರ್ ನೋಡಿ ಹೇಳಿದರು, “ಇದು ಮೂರನೇದು ನೋಡ ತಮ್ಮಾ. ವರ್ಷಕ್ಕೊಂದು ಬ್ಯಾಟರಿ ತಿಂತದ ಇದು.”

ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ನಾವು ಹಾರಿಸುವುದೇ ಇಲ್ಲ. ಹ್ಯಾಂಗರ್‌ನಲ್ಲಿ ಕರೆಂಟು ಇದ್ದಾಗ ಇದೆ, ಇಲ್ಲದಾಗ ಇಲ್ಲ. ಆಗ ಇದ್ದದ್ದು ನೀರು ಹಾಕುವ ಗೋಜಿಲ್ಲದ ಸೀಲ್ ಮಾಡಿದ ಲೆಡ್ ಆಸಿಡ್ ಬ್ಯಾಟರಿ, 16 ಆಂಪಿಯರ್ ಅವರ್ (ಎಷ್ಟು ಕರೆಂಟು ತುಂಬಿಟ್ಟುಕೊಳ್ಳಬಲ್ಲದು ಅನ್ನುವ ಲೆಕ್ಕ), 7 ಕಿಲೋ. ಒಳ್ಳೆಯ ಬ್ಯಾಟರಿಯೇ. ಆದರೆ ಲೆಡ್ ಆಸಿಡ್ ಅರ್ಧ ಖಾಲಿಯಾಗಿ ತಿಂಗಳುಗಟ್ಟಲೆ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಜೀವ ಬರುವುದಿಲ್ಲ. ನಮ್ಮ ಬ್ಯಾಟರಿಗಳು ಹಾರಾಡಿ ಸತ್ತವಲ್ಲ, ಮಳೆಗಾಲದಲ್ಲಿ ಸುಮ್ನೆ ಕೂತು ಸತ್ತವು.

ಹಗುರ ಬ್ಯಾಟರಿ ಅಂದ ಕೂಡಲೇ ಎಲ್ಲರೂ ತೂಕದ ಲೆಕ್ಕ ಹಾಕುತ್ತಾರೆ. ನಾವೂ ಹಾಕಿದೆವು. ಎರಡು ಸೀಟಿನ ಮೈಕ್ರೋಲೈಟ್‌ಗೆ ಒಟ್ಟು ತೂಕದ ಮಿತಿ 450 ಕಿಲೋ. ಬ್ಯಾಟರಿಯಲ್ಲಿ ಐದು ಕಿಲೋ ಉಳಿದರೆ ಹೆಚ್ಚುಕಡಿಮೆ ಏಳು ಲೀಟರ್ ಪೆಟ್ರೋಲ್ ಜಾಸ್ತಿ ಹಾಕಬಹುದು, ಅಂದರೆ ಅರ್ಧ ಗಂಟೆಗೆ ಹತ್ತಿರದ ಹಾರಾಟ. ಆದರೆ ನನ್ನನ್ನು ಲಿಥಿಯಂ ಕಡೆ ಎಳೆದದ್ದು ಅದಲ್ಲ. ಲಿಥಿಯಂ ಬ್ಯಾಟರಿಯನ್ನು ವೈರ್ ಬಿಚ್ಚಿಟ್ಟರೆ ತಿಂಗಳುಗಟ್ಟಲೆ ಚಾರ್ಜ್ ಹಿಡಿದುಕೊಳ್ಳುತ್ತದೆ, ಅರ್ಧ ತುಂಬಿದ್ದರೂ ಸಲ್ಫೇಟಿನ ಕಾಟ ಇಲ್ಲ. ಮಹಾರಾಷ್ಟ್ರದ ಮಳೆಗಾಲಕ್ಕೆ ಇನ್ನೇನು ಬೇಕು, ಅಲ್ವಾ?

ಕಾಕಾ ಹೆಂಡತಿ ಕಾಕೂಗೆ ಮಾತ್ರ ಹೆದರಿಕೆ. “ಬೆಂಕಿ ಹತ್ತೂದು ಅದ ಅಲ್ಲೇನು?” ಅಂತ ಚಹಾ ಕೊಡುತ್ತಾ ಕೇಳಿದರು. ಅವರ ತಲೆಯಲ್ಲಿ ಇದ್ದದ್ದು ಬೋಯಿಂಗ್ 787. 2013ರ ಜನವರಿಯಲ್ಲಿ ಬ್ಯಾಟರಿ ಸುಟ್ಟ ಕಾರಣಕ್ಕೆ ಆ ವಿಮಾನಗಳನ್ನೆಲ್ಲ ಲೋಕದಾದ್ಯಂತ ನೆಲಕ್ಕಿಳಿಸಿದ್ದರು. ಅದರಲ್ಲಿದ್ದದ್ದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಸ್ಟಾರ್ಟರ್ ಬ್ಯಾಟರಿಗೆ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್. ಇದು ಬಿಸಿಯಾದರೆ ಅಷ್ಟು ಸುಲಭಕ್ಕೆ ಕೈಮೀರುವುದಿಲ್ಲ. ಹಾಗಂತ ಆಟದ ಸಾಮಾನೂ ಅಲ್ಲ. ಕಾಕೂಗೆ ಪೂರ್ತಿ ಸಮಾಧಾನ ಆಗಲಿಲ್ಲ, ಮುಂದೆ ನೋಡಿದರೆ ಆ ಹೆದರಿಕೆ ನಮಗೆ ಉಪಯೋಗಕ್ಕೇ ಬಂತು.

ಮೊದಲ ತಪ್ಪು ನನ್ನದೇ. ಭೋಸರಿಯ ಒಂದು ಅಂಗಡಿಯಲ್ಲಿ ಬೈಕಿನ ಲಿಥಿಯಂ ಬ್ಯಾಟರಿ ಸಿಕ್ಕಿತು. ಒಂದು ಕಿಲೋ ಕೂಡ ಇಲ್ಲ, ಮೇಲೆ ದೊಡ್ಡ ಅಕ್ಷರದಲ್ಲಿ 14 ಆಂಪಿಯರ್ ಅವರ್. ಬೆಲೆಯೂ ಹಿಡಿಸಿತು. ಹಾರುವುದಕ್ಕಲ್ಲ, ನೆಲದ ಮೇಲೆ ಸ್ಟಾರ್ಟ್ ಮಾಡಿ ನೋಡೋಣ ಅಂತ ತಂದೆ. ಡಿಸೆಂಬರ್ ಬೆಳಿಗ್ಗೆ, ಹ್ಯಾಂಗರ್ ಒಳಗೆ 11 ಡಿಗ್ರಿ. ಸ್ವಿಚ್ ಎಲ್ಲ ಆಫ್ ಮಾಡಿ, ಎಣ್ಣೆ ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬರುವವರೆಗೆ ಪ್ರೊಪೆಲ್ಲರ್ ಕೈಯಿಂದ ತಿರುಗಿಸಿದೆವು. ರೋಟ್ಯಾಕ್ಸ್‌ಗೆ ಅದೊಂದು ನಿತ್ಯದ ಶಾಸ್ತ್ರ. ಕೀಲಿ ತಿರುಗಿಸಿದರೆ ಪ್ರೊಪೆಲ್ಲರ್ ನಿದ್ದೆಗಣ್ಣಲ್ಲಿ ಎರಡು ಸುತ್ತು ತಿರುಗಿ, ‘ಠಕ್’ ಅಂತ ಹಿಂದಕ್ಕೆ ಒದೆಯಿತು. ಕಾಕಾ ಮುಖ ಸಣ್ಣದಾಯಿತು.

ಅವರಿಗೆ ಆ ಸದ್ದು ಏನಂತ ಗೊತ್ತಿತ್ತು. ಕ್ರ್ಯಾಂಕ್ ನಿಮಿಷಕ್ಕೆ ಸುಮಾರು 220 ಸುತ್ತು ತಿರುಗದಿದ್ದರೆ 912ರಲ್ಲಿ ಕಿಡಿ ಬರುವುದಿಲ್ಲ. ಅದರ ಅಂಚಿನಲ್ಲೇ ತೆವಳಿದರೆ ಕಿಡಿ ಬರುತ್ತದೆ, ಆದರೆ ಪಿಸ್ಟನ್ ದಾಟಿಹೋಗುವಷ್ಟು ವೇಗ ಇರುವುದಿಲ್ಲ. ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆ ಏಟು ಬೀಳುವುದು ಸ್ಟಾರ್ಟರ್ ಕಡೆಯ, ಒಂದೇ ದಿಕ್ಕಿಗೆ ತಿರುಗಲು ಬಿಡುವ ಸ್ಪ್ರಾಗ್ ಕ್ಲಚ್‌ಗೆ. ಅದನ್ನು ಬದಲಿಸುವ ಖರ್ಚಿಗೆ ಎಷ್ಟೋ ಬ್ಯಾಟರಿ ಬರುತ್ತವೆ. ಸೋತ ಬ್ಯಾಟರಿ ಸ್ಟಾರ್ಟ್ ಆಗದೆ ಬಿಟ್ಟರೆ ಪರವಾಗಿಲ್ಲ, ಅರ್ಧಂಬರ್ಧ ತಿರುಗಿಸಿದರೇ ಕಷ್ಟ.

ಮನೆಗೆ ತಂದು ಆ ಬ್ಯಾಟರಿಯ ಮೈಯನ್ನು ಭೂತಗನ್ನಡಿ ಹಿಡಿದು ಓದಿದೆವು. 14ರ ಪಕ್ಕದಲ್ಲಿ ಚಿಕ್ಕ ಅಕ್ಷರ: ‘ಲೆಡ್ ಆಸಿಡ್‌ಗೆ ಸಮಾನ’. ಇನ್ನೂ ಕೆಳಗೆ, ಒಳಗಿರುವ ಒಟ್ಟು ಶಕ್ತಿಯ ಅಳತೆಯಾದ ವ್ಯಾಟ್ ಅವರ್ 54. ಇದನ್ನು 12.8 ವೋಲ್ಟ್‌ನಿಂದ ಭಾಗಿಸಿದರೆ ನಾಲ್ಕು ಆಂಪಿಯರ್ ಅವರ್ ಚಿಲ್ಲರೆ. ಬೈಕ್ ಸ್ಟಾರ್ಟ್ ಮಾಡಲು ಅಷ್ಟು ಸಾಕು, ಅದು ಸುಳ್ಳಲ್ಲ. ಆದರೆ ಆಕಾಶದಲ್ಲಿ ಚಾರ್ಜಿಂಗ್ ಕೈಕೊಟ್ಟಿತು ಅನ್ನಿ. ನಮ್ಮ ರೇಡಿಯೋ, ರಾಡಾರ್‌ಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರ್, ಜಿಪಿಎಸ್ ಸೇರಿ ನಾಲ್ಕು ಆಂಪಿಯರ್ ಎಳೆಯುತ್ತವೆ. ಹೆಚ್ಚುಕಡಿಮೆ ಒಂದು ಗಂಟೆಗೆ ಎಲ್ಲ ಕತ್ತಲೆ. ಅಂದಿನಿಂದ ನಾನು ಬ್ಯಾಟರಿ ಮೇಲಿನ ದೊಡ್ಡ ಅಂಕಿ ನೋಡುವುದನ್ನೇ ಬಿಟ್ಟೆ. ವ್ಯಾಟ್ ಅವರ್ ಬರೆಯದ ಬ್ಯಾಟರಿಯನ್ನು ಕೈಯಲ್ಲಿ ಮುಟ್ಟುವುದೂ ಇಲ್ಲ.

ಕೊನೆಗೆ ಆರಿಸಿದ್ದು ವಿಮಾನಕ್ಕೆಂದೇ ಮಾಡಿದ, ಒಳಗೇ ಬಿಎಂಎಸ್ (ಬ್ಯಾಟರಿಗೆ ಅಪಾಯ ಅನಿಸಿದರೆ ಅದನ್ನು ಕಡಿದುಹಾಕುವ ಕಾವಲು ಸರ್ಕ್ಯೂಟ್) ಇರುವ ಬ್ಯಾಟರಿ. ನಿಜವಾದ 15.6 ಆಂಪಿಯರ್ ಅವರ್, 2.2 ಕಿಲೋ. ಇದಕ್ಕಿಂತ ಒಂದು ಸೈಜ್ ಚಿಕ್ಕದೂ ಸಾಕಾಗುತ್ತಿತ್ತು, ಇನ್ನೂ ನಾಲ್ಕೈದು ನೂರು ಗ್ರಾಂ ಉಳಿಯುತ್ತಿತ್ತು. ಬೇಡ ಅಂದೆವು. ಅಷ್ಟು ತೂಕ ಇಳಿಸಬೇಕಿದ್ದರೆ ನಾನು ಒಂದು ವಾರ ರಾತ್ರಿ ಊಟದ ಅನ್ನ ಬಿಟ್ಟರೆ ಸಾಕು.

ಅಮೆರಿಕದಿಂದ ಬರುತ್ತಿದ್ದ ನನ್ನ ಭಾವ ಬ್ಯಾಗಿನಲ್ಲಿ ಹಾಕಿಕೊಂಡು ಬರ್ತೀನಿ ಅಂದರು. ಲೆಕ್ಕ ಹಾಕಿದರೆ ಸುಮಾರು 200 ವ್ಯಾಟ್ ಅವರ್. ಪ್ರಯಾಣಿಕರ ವಿಮಾನದಲ್ಲಿ 100ರವರೆಗೆ ಸಲೀಸು, 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು, ಅದರ ಮೇಲೆ ಬಿಡುವುದೇ ಇಲ್ಲ. ವಿಮಾನದ ಬ್ಯಾಟರಿಗೆ ವಿಮಾನದಲ್ಲಿ ಬರಲಿಕ್ಕೆ ಆಗಲಿಲ್ಲ! ಮುಂಬೈ ಬಂದರಿಗೆ ಹಡಗಿನಲ್ಲಿ ಬಂದು, ಅಲ್ಲಿಂದ ಟೆಂಪೋದಲ್ಲಿ ಘಾಟ್ ಹತ್ತಿತು.

ಕಾಕೂ ಹೆದರಿಕೆ ನೆನಪಾದದ್ದು ಈಗ. ಹಳೇ ಬ್ಯಾಟರಿ, ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ಬೆಂಕಿತಡೆ ಗೋಡೆಯಾದ ಫೈರ್‌ವಾಲ್‌ನ ಎಂಜಿನ್ ಬದಿಗೆ ಇತ್ತು. ಹೊಸದನ್ನು ಅದೇ ಜಾಗಕ್ಕೆ ಹಾಕುವ ಮೊದಲು, ಖಾಲಿ ಪೆಟ್ಟಿಗೆಗೆ ಬಿಸಿಗೆ ಬಣ್ಣ ಬದಲಾಗುವ ಸ್ಟಿಕ್ಕರ್ ಅಂಟಿಸಿದೆವು. ಏಪ್ರಿಲ್ ಮಧ್ಯಾಹ್ನ, ಹ್ಯಾಂಗರ್‌ನ ಬೇರೆ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿ ಎಂಜಿನ್ ಚೆನ್ನಾಗಿ ಕಾಯಿಸಿದೆವು. ಓಡುವಾಗ ಏನೂ ಇಲ್ಲ. ನಿಲ್ಲಿಸಿದ ಇಪ್ಪತ್ತು ನಿಮಿಷದಲ್ಲಿ 65 ಡಿಗ್ರಿಯ ಚೌಕ ಕಪ್ಪಾಗಿತ್ತು. ಗಾಳಿ ನಿಂತ ಮೇಲೆ ಎಂಜಿನ್‌ನ ಬಿಸಿಯೆಲ್ಲ ಅಲ್ಲೇ ಕೂರುತ್ತದೆ. ನಮ್ಮ ಬ್ಯಾಟರಿಯ ಮಿತಿ 60. ಹಾಗಾಗಿ ಪೆಟ್ಟಿಗೆಯನ್ನು ಫೈರ್‌ವಾಲ್ ಈಚೆಗೆ, ಮೀಟರ್ ಬೋರ್ಡ್ ಕೆಳಗೆ ತಂದೆವು.

ಆಗ ಶುರುವಾಯಿತು ತಕ್ಕಡಿ ಲೆಕ್ಕ. ಹಳೆಯದು ತೂಕದ ನಡುಬಿಂದುವಿಗಿಂತ 1.1 ಮೀಟರ್ ಮುಂದೆ 7 ಕಿಲೋ. ಹೊಸದು 0.8 ಮೀಟರ್ ಮುಂದೆ 2.2 ಕಿಲೋ. ಖಾಲಿ ವಿಮಾನ 265ರಿಂದ 260 ಕಿಲೋಗೆ ಇಳಿಯಿತು, ನಡುಬಿಂದು ಸುಮಾರು 23 ಮಿಲಿಮೀಟರ್ ಹಿಂದಕ್ಕೆ ಸರಿಯಿತು. ಕೇಳಲು ಎರಡು ಬೆರಳಗಲ. ಆದರೆ ನಮ್ಮ ಪೆಟ್ರೋಲ್ ಟ್ಯಾಂಕ್ ಇರುವುದು ಸೀಟಿನ ಹಿಂದೆ. ಒಬ್ಬನೇ ಹಗುರ ಪೈಲಟ್, ಟ್ಯಾಂಕ್ ತುಂಬ, ಹಿಂದೆ ಬ್ಯಾಗು ಅಂದರೆ ಹಿಂದಿನ ಮಿತಿಗೆ ಬಹಳ ಹತ್ತಿರ. ಬಾಲ ಭಾರವಾದ ವಿಮಾನದ ಮೂಗು, ಸ್ಟಾಲ್ ಆದಾಗ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿದಾಗ, ಸುಲಭಕ್ಕೆ ಕೆಳಗಿಳಿಯುವುದಿಲ್ಲ. ಹಗುರವಾಯಿತು ಅಂತ ಖುಷಿಪಟ್ಟವರು ಈ ಲೆಕ್ಕವನ್ನು ಮರೆಯುವುದೇ ಜಾಸ್ತಿ. ನಾವು ಮೂರು ಚಕ್ರಕ್ಕೆ ಮೂರು ತೂಕದ ಯಂತ್ರ ಇಟ್ಟು ಮತ್ತೆ ತೂಗಿಸಿದೆವು. ಒಬ್ಬರೇ ಹಾರುವಾಗ ಹಿಂದೆ ಸಾಮಾನು ಇಡಬಾರದು ಅಂತ ಬೋರ್ಡಿನ ಮೇಲೆ ಒಂದು ಚೀಟಿ ಬಂತು. ಕಾಕಾ 58 ಕಿಲೋ, ಆ ಚೀಟಿ ಅವರಿಗಾಗಿಯೇ.

ಕಾಗದಪತ್ರದ ಕತೆ ಉದ್ದ, ಬಿಡಿ. ನಮ್ಮಲ್ಲಿ ಮೈಕ್ರೋಲೈಟ್‌ಗೂ ವಿಟಿ ಅಂತ ಶುರುವಾಗುವ ನೋಂದಣಿ ಇದೆ, ಮನಸ್ಸಿಗೆ ಬಂದದ್ದನ್ನು ಹಾಕಿ ಹಾರುವಂತಿಲ್ಲ. ಒಪ್ಪಿಗೆ, ಸಹಿ, ಹೊಸ ತೂಕದ ಪಟ್ಟಿ ಎಲ್ಲ ಆಗುವವರೆಗೆ ಬ್ಯಾಟರಿ ಕಾಕಾ ಮನೆಯ ಕಪಾಟಿನಲ್ಲಿತ್ತು.

ಚಾರ್ಜಿಂಗ್ ಬಗ್ಗೆ ಕಾಕಾ ನನಗಿಂತ ಕಟ್ಟುನಿಟ್ಟು. ಹಳೇ ಚಾರ್ಜರ್‌ನಲ್ಲಿ ಸಲ್ಫೇಟ್ ಬಿಡಿಸುವ ವಿಧಾನ ಇತ್ತು, ಆಗ ಅದು ವೋಲ್ಟೇಜ್ ಏರಿಸಿ ಏರಿಸಿ ಹೊಡೆಯುತ್ತದೆ. ಲಿಥಿಯಂಗೆ ಅದು ಆಗದು. ಆ ಚಾರ್ಜರನ್ನು ಅವರು ಅಳಿಯನ ಕಾರಿಗೆ ಕೊಟ್ಟುಬಿಟ್ಟರು. ಎಂಜಿನ್ ಓಡುವಾಗ ಬ್ಯಾಟರಿ ತುದಿಯಲ್ಲೇ ಅಳೆದರೆ 14.1 ವೋಲ್ಟ್, ಸರಿಯಾಗಿದೆ. ಆದರೆ ಪೂರ್ತಿ ಖಾಲಿಯಾದ ಲಿಥಿಯಂಗೆ ಹಸಿವು ಜಾಸ್ತಿ, ಕೊಟ್ಟಷ್ಟೂ ಎಳೆಯುತ್ತದೆ. ಈ ಎಂಜಿನ್‌ನ ಜನರೇಟರ್ ಕೊಡುವುದೇ 18 ಆಂಪಿಯರ್‌ವರೆಗೆ. ಜಂಪ್ ಹಾಕಿ ಸ್ಟಾರ್ಟ್ ಮಾಡಿ ಹಾರಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕಾದು ಕೆಂಡ ಆಗುತ್ತದೆ. ಖಾಲಿಯಾದರೆ ಬಿಚ್ಚಿ ಮನೆಗೆ ತಂದು ತುಂಬಿಸುವುದು, ಅಂದು ಹಾರಾಟ ಇಲ್ಲ.

ಹಾರಾಟದ ಮಧ್ಯದಲ್ಲಿ ಬಿಎಂಎಸ್ ಬ್ಯಾಟರಿಯನ್ನೇ ಕಡಿದುಹಾಕಿದರೆ? ನಮ್ಮದು ಕಾರ್ಬ್ಯುರೇಟರ್ ಇರುವ 912. ಇದರ ಕಿಡಿಗೆ ಬೇಕಾದ ಕರೆಂಟನ್ನು ಎಂಜಿನ್ ತಾನೇ ಮಾಡಿಕೊಳ್ಳುತ್ತದೆ, ಬ್ಯಾಟರಿ ಇಲ್ಲದಿದ್ದರೂ ಓಡುತ್ತದೆ. ಇಂಜೆಕ್ಷನ್ ಇರುವ 912 ಐಎಸ್‌ನ ವ್ಯವಸ್ಥೆಯೇ ಬೇರೆ. ರೆಗ್ಯುಲೇಟರ್ ಪಕ್ಕದಲ್ಲಿ 22,000 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ ಇರಬೇಕು, ಬ್ಯಾಟರಿ ಕಡಿದರೂ ರೆಗ್ಯುಲೇಟರ್ ಕೆಲಸ ಮಾಡುವುದು ಅದರಿಂದ. ನಮ್ಮದನ್ನು ಅಳೆದರೆ ಅರ್ಧಕ್ಕೆ ಇಳಿದಿತ್ತು. ಎಷ್ಟು ವರ್ಷದಿಂದ ಹಾಗೇ ಹಾರಿದ್ದೆವೋ! ಅದನ್ನೂ ಬದಲಿಸಿದೆವು.

ಹೊಸ ಬ್ಯಾಟರಿ ಹಾಕಿದ ಮೊದಲ ಚಳಿಯ ಬೆಳಿಗ್ಗೆ ಮತ್ತೆ ಎದೆ ಡವಡವ. ಮೊದಲ ಸಲ ತಿರುಗಿದ್ದು ಸ್ವಲ್ಪ ಮಂದ. ಅದಕ್ಕೆ ಈಗ ನಾವು ಲ್ಯಾಂಡಿಂಗ್ ಲೈಟ್ ಎರಡು ನಿಮಿಷ ಹಾಕಿಟ್ಟು, ಬ್ಯಾಟರಿ ತಾನೇ ಒಳಗೆ ಬೆಚ್ಚಗಾದ ಮೇಲೆ ಸ್ಟಾರ್ಟ್ ಮಾಡುತ್ತೇವೆ. ಲೆಡ್ ಆಸಿಡ್ ಇದ್ದಾಗ ಹೀಗೆ ಮಾಡಿದ್ದರೆ ಕಾಕಾ ಬೈಯುತ್ತಿದ್ದರು. ಸ್ಟಾರ್ಟರ್ ತಿರುಗುವಾಗ ಹಳೇ ಬ್ಯಾಟರಿ 9.3 ವೋಲ್ಟ್‌ಗೆ ಕುಸಿಯುತ್ತಿತ್ತು, ಇದು 11ರ ಕೆಳಗೆ ಇಳಿಯಲಿಲ್ಲ.

ಮೊನ್ನೆ ಮಳೆಗಾಲ ಮುಗಿದ ಮೇಲೆ ಹೋಗಿ, ಬಿಚ್ಚಿಟ್ಟಿದ್ದ ವೈರ್ ಸಿಕ್ಕಿಸಿ ಮೀಟರ್ ಹಿಡಿದೆವು. 13.2. ಲಿಥಿಯಂನಲ್ಲಿ ಅರ್ಧ ಖಾಲಿಯಾದರೂ ವೋಲ್ಟೇಜ್ ಹೆಚ್ಚು ಬದಲಾಗುವುದಿಲ್ಲ, ಅದಕ್ಕೆ ಕಾಕಾ ಆ ಅಂಕಿಯನ್ನು ನಂಬಲಿಲ್ಲ. ಚಾರ್ಜರ್ ಹಾಕಿ ಎಷ್ಟು ಒಳಗೆ ಹೋಗುತ್ತದೆ ಅಂತ ಅಳೆದರು. ಒಂದು ಆಂಪಿಯರ್ ಅವರ್ ಕೂಡ ಹೋಗಲಿಲ್ಲ. ಚೀಲದಿಂದ ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟು, “ಹಂಗಾರ ಇಡಪಾ” ಅಂದರು.