ಉಕ್ಕಿನ ನೀರಿನ ಟ್ಯಾಂಕ್: ಬಣ್ಣ ಬಳಿಯುವ ಮೊದಲು ಲೋಳೆ ತೆಗೆಯಿರಿ

ಕೊಳವೆಬಾವಿಯ ನೀರು ತುಂಬುವ ಉಕ್ಕಿನ ಟ್ಯಾಂಕಿನ ಒಳಮೈಯಲ್ಲಿ ಕಂದು ಗಂಟುಗಳು ಎದ್ದಾಗ ಹೆಚ್ಚಿನವರು ಮೇಲುಮೇಲೆ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮರುದಿನವೇ ನೀರು ಬಿಡುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದೇ ಗಂಟಿನ ಜಾಗದಲ್ಲಿ ತೂತು ಬಿದ್ದುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ತಪ್ಪು ತಗಡಿನದಲ್ಲ; ಗಂಟಿನಡಿ ಉಳಿದ ಜೀವಂತ ಲೋಳೆಯದು.

ನೀರಿನ ಬ್ಯಾಕ್ಟೀರಿಯಾಗಳು ಲೋಹಕ್ಕೆ ಅಂಟಿ, ತಾವೇ ಸ್ರವಿಸಿದ ಅಂಟಿನೊಳಗೆ ಕಟ್ಟಿಕೊಳ್ಳುವ ಈ ಲೋಳೆಯ ಪದರಕ್ಕೆ ಜೈವಿಕ ಪೊರೆ ಎನ್ನುತ್ತಾರೆ. ಮೇಲಿನ ಜೀವಿಗಳು ಆಮ್ಲಜನಕವನ್ನು ಬಳಸಿ ಮುಗಿಸುವುದರಿಂದ ಪೊರೆಯಡಿಯ ಲೋಹ ಆನೋಡ್ (ಬ್ಯಾಟರಿಯಲ್ಲಿ ಸವೆಯುವ ತುದಿಯಂತೆ) ಆಗಿ ಕರಗತೊಡಗುತ್ತದೆ. ಸುತ್ತಲಿನ ವಿಶಾಲ ಮೈ ಕ್ಯಾಥೋಡ್ (ಸವೆಯದೆ ಉಳಿಯುವ ತುದಿ) ಆಗುವುದರಿಂದ ತುಕ್ಕು ಅಗಲಕ್ಕೆ ಹರಡದೆ ಕುಳಿಯಾಗಿ ಆಳಕ್ಕಿಳಿಯುತ್ತದೆ. ಗ್ಯಾಲಿಯೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಕರಗಿದ ಕಬ್ಬಿಣದಿಂದ ಗಂಟು ಕಟ್ಟಿದರೆ, ಗಂಟಿನೊಳಗೆ ಡಿಸಲ್ಫೋವಿಬ್ರಿಯೊ ಗುಂಪಿನವು ನೀರಿನ ಸಲ್ಫೇಟನ್ನು ಸಲ್ಫೈಡಾಗಿಸುತ್ತವೆ. ಮಣ್ಣಿನಲ್ಲಿ ಹೂತ ಕಬ್ಬಿಣದ ಕೊಳವೆ ಆಮ್ಲಜನಕವಿಲ್ಲದೆಯೂ ಸವೆಯುವುದಕ್ಕೆ ಸಲ್ಫೇಟನ್ನು ಸಲ್ಫೈಡಾಗಿಸುವ ಈ ಬ್ಯಾಕ್ಟೀರಿಯಾಗಳೇ ಕಾರಣವೆಂದು ನೆದರ್ಲೆಂಡ್ಸಿನ ವಿಜ್ಞಾನಿಗಳಾದ ಫಾನ್ ವೊಲ್ಝೋಗೆನ್ ಕ್ಯೂರ್ ಮತ್ತು ಫಾನ್ ಡೆರ್ ವ್ಲುಗ್ಟ್ 1934ರಲ್ಲೇ ವಿವರಿಸಿದ್ದರು.

ಮೊದಲು ಪರೀಕ್ಷೆ. ಗಂಟನ್ನು ಒಡೆದಾಗ ಒಳಗೆ ಕಪ್ಪು ಮುದ್ದೆಯಿದ್ದರೆ ಅದರ ಚೂರನ್ನು ಹೊರಗೆ ತಂದು, ಬಯಲಿನಲ್ಲಿ ಅದಕ್ಕೆ, ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಲ್ಫೈಡ್ ಇದೆ, ಅಂದರೆ ಗಂಟಿನೊಳಗೆ ಆ ಬ್ಯಾಕ್ಟೀರಿಯಾಗಳು ಇರುವ ಸಂಭವ ಹೆಚ್ಚು. ಮುಖವನ್ನು ಹತ್ತಿರ ಒಯ್ಯಬೇಡಿ. ಆ ಆಮ್ಲ ಮುಂದೆ ಬಳಸುವ ಬ್ಲೀಚಿಂಗ್ ಪೌಡರಿನ ಬಳಿ ಸುಳಿಯಲೇ ಕೂಡದು, ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಬಳಿಕ ಟ್ಯಾಂಕನ್ನು ಬರಿದು ಮಾಡಿ, ಮುಚ್ಚಳ ತೆರೆದು ಚೆನ್ನಾಗಿ ಗಾಳಿಯಾಡಿಸಿರಿ. ಒಳಗೆ ಇಳಿಯುವವರು ಒಬ್ಬರೇ ಇಳಿಯಬಾರದು.

ಎಲ್ಲರೂ ಎಡವುವುದು ಕೆರೆಯುವಲ್ಲಿ. ಗಂಟಿನ ತೊಗಟೆಯನ್ನು ಮೊಂಡು ಉಳಿಯಿಂದ ಮೀಟಿ ಎಬ್ಬಿಸಬೇಕೇ ಹೊರತು ಸುತ್ತಿಗೆಯಿಂದ ಹೊಡೆಯಬಾರದು, ಏಕೆಂದರೆ ಅಡಿಯಲ್ಲಿ ತಗಡು ಎಷ್ಟು ತೆಳುವಾಗಿದೆಯೆಂದು ಮೇಲಿನಿಂದ ತಿಳಿಯದು. ಒಡೆದ ಕೂಡಲೇ, ಒಳಗಿನ ಕಪ್ಪು ಒಣಗಿ ಗಟ್ಟಿಯಾಗುವ ಮುನ್ನ, ನೀರು ಚಿಮ್ಮಿಸಿ ತೊಳೆಯಿರಿ. ಅಗಲವಾದ ವೈರ್ ಬ್ರಷ್ ಕುಳಿಯ ಬಾಯಿಯ ಮೇಲೆ ಜಾರಿ ಹೋಗುತ್ತದೆ, ಯಂತ್ರಕ್ಕೆ ಸಿಕ್ಕಿಸುವ ಬ್ರಷ್ ಲೋಹವನ್ನು ಹೊಳಪಿಸಿ ಆ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಆದ್ದರಿಂದ ಮೊನೆಯಿರುವ ಸಣ್ಣ ಕೈಬ್ರಷ್ ಮತ್ತು ಚೂಪು ಕಡ್ಡಿಯನ್ನೇ ಬಳಸಿರಿ. ಬೆಸುಗೆಯ ಗೆರೆಗಳಲ್ಲಿ ಮತ್ತು ತಳದ ನಳಿಕೆಯ ಸುತ್ತ ಎರಡು ಪಟ್ಟು ಸಮಯ ಕೊಡಿರಿ. ಕುಳಿಯ ತಳದಲ್ಲಿ ಬೂದುಬಣ್ಣದ ಶುದ್ಧ ಲೋಹ ಕಾಣುವವರೆಗೂ ಕೆಲಸ ಮುಗಿದಿಲ್ಲ. ಕುಳಿ ತಗಡಿನ ಅರ್ಧ ದಪ್ಪವನ್ನು ಮೀರಿದ್ದರೆ ಅಲ್ಲಿಗೆ ತೇಪೆಯ ಬೆಸುಗೆ ಹಾಕಿಸಿರಿ. ತುಕ್ಕನ್ನು ಕಪ್ಪಾಗಿಸುವ ರಸ್ಟ್ ಕನ್ವರ್ಟರ್ ದ್ರಾವಣಗಳನ್ನು ಇಲ್ಲಿ ಕೊಳ್ಳಲೇಬೇಡಿ: ಅವು ಮೇಲ್ಮೈಯನ್ನು ಬದಲಿಸುತ್ತವೆ, ಕುಳಿಯ ಆಳಕ್ಕಿಳಿಯುವುದಿಲ್ಲ, ಆದರೆ ಕಪ್ಪು ಬಣ್ಣ ನೋಡಿದವರು ಕೆಲಸ ಆಯಿತೆಂದು ನಂಬಿಬಿಡುತ್ತಾರೆ.

ಕೆರೆದ ಮೇಲಷ್ಟೇ ಕ್ಲೋರಿನ್. ಪೊರೆ ಹಾಗೆಯೇ ಇದ್ದರೆ ಅದರ ಅಂಟು ಕ್ಲೋರಿನ್ನನ್ನು ತಾನೇ ಹೀರಿ, ಅಡಿಯ ಜೀವಿಗಳನ್ನು ಕಾಪಾಡುತ್ತದೆ. 1000 ಲೀಟರ್ ನೀರಿಗೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ, ಶೇ 33ರಷ್ಟು ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ ಸುಮಾರು 150 ಗ್ರಾಂ ಸಾಕು. ಬಾಯಿ ತೆರೆದಿಟ್ಟ ಹಳೆಯ ಪೊಟ್ಟಣ ಬೇಡ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ನಿಂತ ಮೇಲೆ ತಿಳಿಯನ್ನು ಮಾತ್ರ ನೀರು ತುಂಬಿದ ಟ್ಯಾಂಕಿಗೆ ಸುರಿಯಿರಿ. 12 ಗಂಟೆ ಬಿಟ್ಟು ಖಾಲಿ ಮಾಡಿ, ಎರಡು ಬಾರಿ ತೊಳೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಕ್ಲೋರಿನ್ನೇ ಉಕ್ಕನ್ನು ತಿನ್ನುತ್ತದೆ.

ಒಣಗಿಸಿ, ಹೊಸದಾಗಿ ಕೂತ ತುಕ್ಕನ್ನು ಎಮರಿ ಪೇಪರಿನಿಂದ ತೆಗೆದು, ಕುಡಿಯುವ ನೀರಿಗೆ ಯೋಗ್ಯವೆಂದು ಡಬ್ಬದ ಮೇಲೆ ನಮೂದಿಸಿರುವ ಎಪಾಕ್ಸಿ ಬಣ್ಣ ಬಳಿಯಿರಿ. ಅದು ಪೂರ್ತಿ ಗಟ್ಟಿಯಾಗುವವರೆಗೆ ನೀರು ಬಿಡಬೇಡಿ.

ಹೊಸ ಟ್ಯಾಂಕಾದರೆ, ಸೋರಿಕೆಯ ಪರೀಕ್ಷೆಗೆ ತುಂಬಿದ ನೀರನ್ನು ಗೃಹಪ್ರವೇಶದವರೆಗೆ ಬಿಡದೆ ಪರೀಕ್ಷೆ ಮುಗಿದ ದಿನವೇ ಹರಿಯಬಿಟ್ಟು ತಳವನ್ನು ಬಟ್ಟೆಯಿಂದ ಒರೆಸಿರಿ. ನಿಂತ ನೀರಿನಲ್ಲೇ ಮೊದಲ ಪೊರೆ ಕಟ್ಟುತ್ತದೆ.