ತೊಟ್ಟೆಯ ರೇಟು ಕಿಲೋದಲ್ಲಿ ನೋಡಬೇಡಿ

ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ನರ್ಸರಿ. ಅಡಿಕೆ ಸಸಿ ಮತ್ತು ಒಳ್ಳೆಮೆಣಸಿನ ಬಳ್ಳಿ ಮಾಡುತ್ತೇನೆ. ಎರಡಕ್ಕೂ ಬೇಕಾದ್ದು ಕಪ್ಪು ಪ್ಲಾಸ್ಟಿಕ್ ತೊಟ್ಟೆ, ಅಂದರೆ ಪಾಲಿಥಿನ್ ಚೀಲ. ಗಿಡ ನೆಟ್ಟ ಮೇಲೆ ಹರಿದ ತೊಟ್ಟೆ ತೋಟದ ಕಣಿಗೆ ಬೀಳುತ್ತದೆ, ಮಳೆಗೆ ತೋಡು ಸೇರುತ್ತದೆ. ಅದನ್ನು ನೋಡಿ ನೋಡಿ ಬೇಜಾರಾಗಿ, ಮಣ್ಣಿನಲ್ಲಿ ಕರಗುತ್ತದೆ ಅನ್ನುವ ತೊಟ್ಟೆ ತರಿಸಿದೆ. ಮೆಕ್ಕೆಜೋಳದ ಪಿಷ್ಟ ಮತ್ತು ಪಿಎಲ್‌ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ ಸೇರಿಸಿ ಮಾಡಿದ್ದು.

ಕಿಲೋಗೆ ಎರಡೂವರೆ ಪಟ್ಟು ರೇಟು. ಇರಲಿ ಅಂದುಕೊಂಡೆ. ಮನೆಗೆ ತಂದು ಎಣಿಸಿದಾಗಲೇ ನಿಜವಾದ ಲೆಕ್ಕ ಗೊತ್ತಾದದ್ದು. ಪಾಲಿಥಿನ್ ನೀರಿನಲ್ಲಿ ತೇಲುತ್ತದೆ, ಇದು ಮುಳುಗುತ್ತದೆ. ಅಷ್ಟು ತೂಕ ಜಾಸ್ತಿ. ಅದೇ ಅಳತೆ, ಅದೇ ದಪ್ಪದಲ್ಲಿ ನೂರು ಪಾಲಿಥಿನ್ ತೊಟ್ಟೆ ಬರುವ ತೂಕಕ್ಕೆ ಇದು ಬರುವುದು ಸುಮಾರು 75. ಅಂದರೆ ಒಂದು ತೊಟ್ಟೆಗೆ ಬಿದ್ದದ್ದು ಮೂರು ಪಟ್ಟಿಗಿಂತ ಹೆಚ್ಚು.

ಇದರ ಕಚ್ಚಾವಸ್ತು ಹೆಚ್ಚಾಗಿ ಹೊರದೇಶದಿಂದ ಬರುತ್ತದೆ, ಮಾಡುವ ಕಾರ್ಖಾನೆಗಳೂ ಕಡಿಮೆ. ಹಿಗ್ಗಲಿ ಅಂತ ಸೇರಿಸುವ ಪಿಬಿಎಟಿ ಎಂಬ ಇನ್ನೊಂದು ಪ್ಲಾಸ್ಟಿಕ್ ಕೂಡ ಸಾಮಾನ್ಯವಾಗಿ ಪೆಟ್ರೋಲಿಯಂನದ್ದೇ. ಹಾಗಾಗಿ ಎಣ್ಣೆಯ ರೇಟು ಏರಿದರೆ ಇದಕ್ಕೂ ಬಿಸಿ ತಟ್ಟುತ್ತದೆ.

ಮೊದಲ ವರ್ಷ ಅಡಿಕೆಗೆ ಹಾಕಿ ಕೈಸುಟ್ಟುಕೊಂಡೆ. ಅಡಿಕೆ ಸಸಿ ತೊಟ್ಟೆಯಲ್ಲಿ ವರ್ಷವಾದರೂ ಇರಬೇಕು. ನಮ್ಮ ಆಟಿ ತಿಂಗಳ ಜೋರು ಮಳೆಗೆ ಮಣ್ಣು ತಾಗಿದ ಅಡಿಭಾಗ ಮೆತ್ತಗಾಗಿ, ಎತ್ತುವಾಗ ಬುಡವೇ ಕಳಚಿ ಬಂತು. ಮುನ್ನೂರು ಸಸಿಯನ್ನು ಪುನಃ ತುಂಬಿಸಿದೆವು. ಆ ಆಳುಕೂಲಿ ಯಾವ ರೇಟಿನಲ್ಲೂ ಬರೆದಿರುವುದಿಲ್ಲ, ಅಲ್ವಾ?

ಒಳ್ಳೆಮೆಣಸಿನ ಕತೆ ಬೇರೆ. ಕುಂಭ ಮಾಸದಲ್ಲಿ ತುಂಡು ನೆಟ್ಟರೆ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿಯುವಾಗ ಬಳ್ಳಿ ತಯಾರು. ಮೂರು ನಾಲ್ಕು ತಿಂಗಳು ತೊಟ್ಟೆ ಗಟ್ಟಿ ನಿಂತರೆ ಸಾಕು, ನಿಂತಿತು. ತೊಟ್ಟೆ ಸಮೇತ ಗುಂಡಿಗೆ ಇಡಬಹುದು, ಬೇರು ಅಲುಗುವುದಿಲ್ಲ. ಬಳ್ಳಿಗೆ ಎರಡು ರೂಪಾಯಿ ಜಾಸ್ತಿ ಇಟ್ಟೆ. ಪೆರ್ಲದಿಂದ ಬಂದ ಒಬ್ಬರು, "ಭಾವ, ತೊಟ್ಟೆ ಹರಿಯುವ ಕೆಲಸ ಉಳಿಯುತ್ತದಲ್ಲ, ಎರಡು ರೂಪಾಯಿ ದೊಡ್ಡದಲ್ಲ" ಅಂತ ಇನ್ನೂರು ಬಳ್ಳಿ ಒಯ್ದರು. ನನಗೆ ಆ ದಿನ ತುಂಬಾ ಖುಷಿಯಾಯಿತು.

ಇನ್ನೊಂದು ಮಾತು. ರೇಟು ಇಳಿದಾಗ ಪಾಲಿಥಿನ್ ತಂದು ಅಟ್ಟದಲ್ಲಿ ಇಡಬಹುದು. ಇದನ್ನು ಹಾಗೆ ಇಡಬೇಡಿ. ಕಳೆದ ವರ್ಷ ಉಳಿದ ಕಟ್ಟು ಈ ವರ್ಷ ಮುಟ್ಟಿದರೆ ಬಿರುಕು ಬಿಡುತ್ತಿತ್ತು. ಬೇಕಾದಷ್ಟೇ ತನ್ನಿ.

ಅಡಿಕೆಗೆ ಈಗಲೂ ಪಾಲಿಥಿನ್ನೇ ಹಾಕುತ್ತಿದ್ದೇನೆ. ಖಾಲಿ ತೊಟ್ಟೆ ವಾಪಸ್ ತಂದವರಿಗೆ ಒಂದು ರೂಪಾಯಿ ಕೊಡುತ್ತೇನೆ, ಕಟ್ಟಿ ಗುಜರಿಗೆ ಕಳಿಸುತ್ತೇನೆ. ಒಳ್ಳೆಮೆಣಸು ಪೂರ್ತಿ ಹೊಸ ತೊಟ್ಟೆಯಲ್ಲೇ.