ಎಸ್ಸೆಸ್ಸೆಲ್ಸಿ ವರ್ಷ ಯಕ್ಷಗಾನ ಬಿಡಿಸಬೇಡಿ, ಹೀಗೆ ಮಾಡಿ

ಜೂನ್ ಬಂತೆಂದರೆ ನಮ್ಮ ಯಕ್ಷಗಾನ ತರಗತಿಗೆ ಅಪ್ಪ ಅಮ್ಮಂದಿರು ಬರುತ್ತಾರೆ. "ಮಾಷ್ಟ್ರೇ, ಮಗ ಈ ವರ್ಷ ಹತ್ತನೇ ಕ್ಲಾಸು. ಪರೀಕ್ಷೆ ಮುಗಿದ ಮೇಲೆ ಕಳಿಸ್ತೇವೆ." ಅವರ ಆತಂಕ ನನಗೆ ಗೊತ್ತು. ಆದರೂ ಕೈಮುಗಿದು ಹೇಳುತ್ತೇನೆ: ಪೂರ್ತಿ ಬಿಡಿಸಬೇಡಿ, ಕಡಿಮೆ ಮಾಡಿ.

ವಾರಕ್ಕೆ ಒಂದು ಗಂಟೆ ಸಾಕು. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಆ ಗಂಟೆಯನ್ನು ಕಿತ್ತುಕೊಳ್ಳಬೇಡಿ. ತ್ರಿವುಡೆ ತಾಳಕ್ಕೆ ಹೆಜ್ಜೆ ಹಾಕುವಾಗ 7 ಅಕ್ಷರದ, ಅಂದರೆ 7 ಎಣಿಕೆಯ ಲೆಕ್ಕ ತಪ್ಪಬಾರದು, ಕಿವಿ ಮದ್ದಳೆಯ ಮೇಲಿರಬೇಕು, ಪಕ್ಕದವರ ಜೊತೆ ಹೆಜ್ಜೆ ಕೂಡಬೇಕು. ಅಷ್ಟು ಹೊತ್ತು ಗಣಿತದ ಚಿಂತೆಗೆ ತಲೆಯಲ್ಲಿ ಜಾಗವೇ ಇರುವುದಿಲ್ಲ.

ಈ ವರ್ಷ ಸ್ಪರ್ಧೆ ಬೇಡ. ಪ್ರತಿಭಾ ಕಾರಂಜಿಯ ಬಹುಮಾನವೂ ಇನ್ನೊಂದು ಅಂಕಪಟ್ಟಿ ಆಗಿಬಿಡುತ್ತದೆ.

ಕುಣಿಯಲು ನಾಚುವವರನ್ನು ಅರ್ಥಗಾರಿಕೆಗೆ ಕೂರಿಸಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಭಾಗವತರು ಹಾಡುವ ಪದ (ಹಾಡು) ಮುಗಿದ ಮೇಲೆ ಆಡುವ ಮಾತನ್ನು ಪಾತ್ರಧಾರಿ ಆಗಲೇ ಕಟ್ಟಬೇಕು. ಬಭ್ರುವಾಹನ ವಿನಯದಿಂದ ಯಾಗದ ಕುದುರೆ ಒಪ್ಪಿಸಲು ಬಂದರೂ ಅಪ್ಪ ಅರ್ಜುನ ಅವನನ್ನು ಹೀಯಾಳಿಸುತ್ತಾನೆ. ಮನೆಯಲ್ಲಿ ತುಟಿ ಬಿಚ್ಚದ ಹುಡುಗನೊಬ್ಬ ಆ ಪಾತ್ರದಲ್ಲಿ, "ಇನ್ನೇನು ಮಾಡಿದರೆ ನಾನು ನಿಮಗೆ ಮಗನಾಗುತ್ತೇನೆ?" ಎಂದು ಕೇಳಿದ. ಎದುರು ಅರ್ಜುನನಾಗಿದ್ದವನಿಗೆ ಉತ್ತರ ಹೊಳೆಯಲಿಲ್ಲ. ಇಂಥ ಮಾತು ಬಂದಾಗ ಭಾಷೆ ತಿದ್ದಬೇಡಿ. ಇದು ನಿನ್ನ ಮನೆ ಕಥೆಯಾ ಎಂದು ಎಲ್ಲರೆದುರು ಕೆದಕಬೇಡಿ. ಪಾತ್ರದ ಮರೆ ಇದ್ದದ್ದಕ್ಕೇ ಅವನಿಗೆ ಅಷ್ಟು ಹೇಳಲು ಆಯಿತು, ಅಲ್ವಾ? ಮುಗಿದ ಮೇಲೆ ಜೊತೆಗೆ ಚಹಾ ಕುಡಿಯಿರಿ. ಹೇಳಬೇಕೆನಿಸಿದರೆ ಅವನೇ ಹೇಳುತ್ತಾನೆ.

ಕಲೆ ಮನಸ್ಸಿಗೆ ಒಳ್ಳೆಯದು ಎಂಬುದು ನನ್ನೊಬ್ಬನ ನಂಬಿಕೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಕಲೆಯಿಂದ ದೇಹಕ್ಕೂ ಮನಸ್ಸಿಗೂ ಅನುಕೂಲವಿದೆ ಎಂದಿತ್ತು. ಆದರೆ ಚಿಕಿತ್ಸೆ ಬೇಕಾದಲ್ಲಿ ಕಲೆಯೊಂದೇ ಸಾಲದು. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಇಷ್ಟದ ವೇಷವೂ ಬೇಡ ಎನ್ನುತ್ತಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪರೀಕ್ಷೆ ಹತ್ತಿರ ಬಂದಾಗ ಕುಣಿಯುವುದು ಬೇಡ ಅನಿಸಿದರೆ ಸುಮ್ನೆ ಬಂದು ಅರ್ಧ ಗಂಟೆ ತಾಳ ಹಿಡಿದು ಕೂರಲಿ. ಆ ದಿನಗಳಲ್ಲಿ ನಾನು ಹೊಸ ಪದ ಕಲಿಸುವುದಿಲ್ಲ, ಹಳೆಯದನ್ನು ಒಪ್ಪಿಸಲೂ ಹೇಳುವುದಿಲ್ಲ.